ಬೂಗನ್‌ವಿಲ್ ದ್ವೀಪದ ಕೈತಯಾರಿ ಬಂದೂಕುಗಳು

ಪಪುವಾ ನ್ಯೂಗಿನಿ ದೇಶದ ಬೂಗನ್‌ವಿಲ್ ದ್ವೀಪದಲ್ಲಿ 1988ರಿಂದ 1998ರವರೆಗೆ ನಡೆದ ಅಂತರ್ಯುದ್ಧದಲ್ಲಿ ಹೋರಾಟಗಾರರು ಸ್ವತಃ ತಯಾರಿಸಿಕೊಂಡ ಬಂದೂಕುಗಳು ಇಂದು ಐತಿಹಾಸಿಕ ವಸ್ತುಗಳೆಂದು ಪರಿಗಣಿತವಾಗಿವೆ. ನಮ್ಮಲ್ಲಿ ನಾಡಬಂದೂಕು ಎಂದು ಕರೆಯುವ ಬಗೆಯವೇ ಇವು. ನೀರಿನ ಕೊಳವೆಯೇ ಇವುಗಳ ನಳಿಕೆ. ಹಿಡಿಯನ್ನು ಮರದಿಂದ ಕೈಯಲ್ಲೇ ಕೆತ್ತಲಾಗಿದೆ.

ಈ ಯುದ್ಧದ ಮೂಲ 1972ರಲ್ಲಿ ಉತ್ಪಾದನೆ ಆರಂಭಿಸಿದ ಪಂಗುನ ತಾಮ್ರದ ಗಣಿ. ಭೂಮಿ ಹಾಗೂ ನದಿಗಳಿಗೆ ಉಂಟಾದ ಹಾನಿ ಮತ್ತು ಆದಾಯದ ಹಂಚಿಕೆಯ ಬಗ್ಗೆ ಭೂಮಾಲೀಕರಲ್ಲಿದ್ದ ಅಸಮಾಧಾನವು ಫ್ರಾನ್ಸಿಸ್ ಓನಾ ನೇತೃತ್ವದಲ್ಲಿ ಬಂಡಾಯವಾಗಿ ಬೆಳೆದು, 1989ರ ಮೇ ತಿಂಗಳಲ್ಲಿ ಗಣಿಯು ಮುಚ್ಚಲ್ಪಟ್ಟಿತು. 1990ರಲ್ಲಿ ಸರ್ಕಾರವು ದ್ವೀಪಕ್ಕೆ ದಿಗ್ಬಂಧನ ವಿಧಿಸಿತು. ಇಂಧನವಿಲ್ಲದೆ ಜನರು ಕೊಬ್ಬರಿ ಎಣ್ಣೆಯಿಂದ ವಾಹನ ಓಡಿಸಿದರು. ಔಷಧವಿಲ್ಲದೆ ಸತ್ತವರೂ ಅನೇಕರು. ಮೃತರ ಸಂಖ್ಯೆಯನ್ನು 20 ಸಾವಿರದವರೆಗೂ ಅಂದಾಜಿಸಲಾಗಿದ್ದು, ದ್ವೀಪದ ಜನರೇ ಪರಸ್ಪರ ಹೋರಾಡಿದ್ದೂ ಇದಕ್ಕೆ ಕಾರಣ.

ಹೊರಗಿನಿಂದ ಆಯುಧ ದೊರೆಯುವುದು ಕಷ್ಟವಾದಾಗ ನೆರವಿಗೆ ಬಂದದ್ದು ಇನ್ನೊಂದು ಯುದ್ಧದ ಅವಶೇಷ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಈ ದ್ವೀಪವನ್ನು ಆಕ್ರಮಿಸಿತ್ತು. 1943ರ ನವೆಂಬರ್ 1ರಂದು ಅಮೆರಿಕದ ಪಡೆಗಳು ಟೊರೊಕಿನಾದಲ್ಲಿ ಇಳಿದವು. ಆಗ ಉಳಿದುಹೋದ ತುಕ್ಕು ಹಿಡಿದ ಬಂದೂಕುಗಳನ್ನೂ ಮದ್ದುಗುಂಡುಗಳನ್ನೂ ನಾಲ್ಕೂವರೆ ದಶಕಗಳ ನಂತರ ಹೆಕ್ಕಿ ತೆಗೆದು ಬಳಸಲಾಯಿತು.

ಈ ಬಂದೂಕುಗಳಲ್ಲಿ ಹೆಚ್ಚಿನವು ಇಂದು ಇಲ್ಲ. 2001ರ ಆಗಸ್ಟ್ 30ರಂದು ಅರಾವಾದಲ್ಲಿ ಸಹಿಯಾದ ಶಾಂತಿ ಒಪ್ಪಂದದಂತೆ ಆಯುಧಗಳನ್ನು ಮೊದಲು ಪೆಟ್ಟಿಗೆಗಳಲ್ಲಿ ಇರಿಸಿ, ನಂತರ ಎರಡು ಬೀಗಗಳಡಿ ಭದ್ರಪಡಿಸಲಾಯಿತು. ಒಂದು ಕೀಲಿ ಸ್ಥಳೀಯ ದಳಪತಿಯ ಬಳಿ, ಮತ್ತೊಂದು ವಿಶ್ವಸಂಸ್ಥೆಯ ಪ್ರತಿನಿಧಿಯ ಬಳಿ ಇರುತ್ತಿತ್ತು. ಅಂತಿಮವಾಗಿ ಅವುಗಳನ್ನು ನಾಶಪಡಿಸಲಾಯಿತು. ಒಪ್ಪಿಸಿದವುಗಳಲ್ಲಿ ಕೈತಯಾರಿಯವು ಗಣನೀಯ ಸಂಖ್ಯೆಯಲ್ಲಿದ್ದವು. ಓನಾ ಬಣವು ಈ ಪ್ರಕ್ರಿಯೆಯಿಂದ ಹೊರಗುಳಿಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಶಾಂತಿಗಾಗಿ ನಾಶವಾಗಲೇಬೇಕಿದ್ದ ವಸ್ತುಗಳಾದ್ದರಿಂದ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ಯುದ್ಧ ಸ್ಮಾರಕದಂತಹ ಸಂಗ್ರಹಗಳಲ್ಲಿ ಉಳಿದ ಮಾದರಿಗಳಿಗೆ ವಿಶೇಷ ಬೆಲೆಯಿದೆ.

ಸಾರ್ವಜನಿಕರ ಗಮನಕ್ಕೆ: ನಮ್ಮ ದೇಶದಲ್ಲಿ ಯಾವುದೇ ಬಂದೂಕು ಹಳೆಯದು ಅಥವಾ ಐತಿಹಾಸಿಕವಾದುದು ಎಂಬ ಕಾರಣಕ್ಕೇ ಪರವಾನಗಿಯಿಂದ ಮುಕ್ತವಾಗುವುದಿಲ್ಲ. ಆಯುಧ ಅಧಿನಿಯಮ 1959ರ 45ನೇ ಪ್ರಕರಣದನ್ವಯ, ದುರಸ್ತಿ ಮಾಡಿದರೂ ಬಳಸಲಾಗದ ಸ್ಥಿತಿಯಲ್ಲಿರುವ ಪುರಾತನ ಆಯುಧಕ್ಕೆ ಮಾತ್ರ ಆ ವಿನಾಯಿತಿ ಅನ್ವಯಿಸುತ್ತದೆ.