ಗೋಡೆಗೆ ಬಂದ ತಂತಿ

ಕಳೆದ ಬೇಸಿಗೆಯಲ್ಲಿ ಮುಂಬಯಿಯ ನಮ್ಮ ಸರ್ಕಾರಿ ವಸತಿಗೃಹಗಳಿಗೆ ಸುಣ್ಣಬಣ್ಣದ ಕೆಲಸ ನಡೆಯಿತು. ಮಳೆಗಾಲಕ್ಕೆ ಮೊದಲೇ ಮುಗಿಸಬೇಕೆಂದು ಬೊಂಬಿನ ಸಾರುವೆ ಕಟ್ಟಿದ್ದರು. ಮೂರನೆಯ ಮಹಡಿಯ ಮಟ್ಟದಲ್ಲಿ ನಿಂತಿದ್ದ ಕೆಲಸಗಾರನೊಬ್ಬ ಗೋಡೆಗೆ ಅಡ್ಡಲಾಗಿದ್ದ ಕಪ್ಪು ಕೇಬಲ್ಲೊಂದನ್ನು ಪಕ್ಕಕ್ಕೆ ಸರಿಸಲು ಹೋದ. ಕೈ ಜೋಡಣೆಯ ಬಳಿ ತಾಗಿತು. ಶಾಕ್ ಹೊಡೆದು ಹಿಂದಕ್ಕೆ ವಾಲಿದ. ಅಡ್ಡಬೊಂಬು ಕೈಗೆ ಸಿಕ್ಕಿದ್ದರಿಂದ ಬದುಕಿಕೊಂಡ.

ಅದು ಟಿವಿಯ ಕೇಬಲ್. ಮನುಷ್ಯನನ್ನು ಬೀಳಿಸುವಷ್ಟು ವಿದ್ಯುತ್ತು ಅದರಲ್ಲಿ ಇರಬಾರದು. ವಿಚಾರಿಸಿದಾಗ ತಿಳಿಯಿತು: ತಾರಸಿಯ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ಇಟ್ಟಿದ್ದ ಆಂಪ್ಲಿಫೈಯರಿನಲ್ಲಿ ಕರೆಂಟು ಸೋರಿ, ಕೇಬಲ್ಲಿನ ಲೋಹದ ಹೊರಹೆಣಿಗೆಗೆ ಹರಿದಿತ್ತು. ಅರ್ತಿಂಗ್ ಇರಲಿಲ್ಲ. ಗುತ್ತಿಗೆದಾರರು ಬಂದು, ಈ ತಂತಿಗಳಲ್ಲಿ ಯಾವುದು ಯಾರದು ಎಂದು ಕೇಳಿದರು. ನಾವು ಎಣಿಸಿ ನೋಡಿದೆವು. ಗೋಡೆಯ ಮೇಲೆ ಹತ್ತೊಂಬತ್ತು ತಂತಿಗಳಿದ್ದವು, ಬಳಕೆಯಲ್ಲಿದ್ದವು ನಾಲ್ಕು. ಉಳಿದ ಹದಿನೈದಕ್ಕೆ ಒಡೆಯರಿಲ್ಲ. ಮನೆಗೆ ತಂತಿ ಬಂದದ್ದು ಹೇಗೆ, ಅದನ್ನು ಕಟ್ಟುವುದಕ್ಕೆ ಇದ್ದ ಶಿಸ್ತು ಏನಾಯಿತು ಎಂದು ಹುಡುಕುವ ಮನಸ್ಸು ನಮಗೆ ಬಂದದ್ದು ಆ ದಿನ.

ನಮ್ಮ ದೇಶದಲ್ಲಿ ಈ ಕಥೆ ಬಿದಿರಿನಿಂದಲೇ ಆರಂಭವಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ಓಶಾಗ್ನೆಸಿ 1839ರಲ್ಲಿ ಕಲ್ಕತ್ತೆಯ ಬಳಿ ಬಿದಿರುಗಳ ಮೇಲೆ ತಂತಿ ಎಳೆದು ಟೆಲಿಗ್ರಾಫಿನ ಪ್ರಯೋಗ ನಡೆಸಿದರು. ಮುಂದಿನ ದಶಕಗಳಲ್ಲಿ ಕಲ್ಕತ್ತೆ, ಆಗ್ರಾ, ಮುಂಬಯಿ, ಮದ್ರಾಸುಗಳನ್ನು ತಂತಿ ಜೋಡಿಸಿತು. ತೂಗುವ ತಂತಿಗೆ ಮೂರು ಶತ್ರುಗಳೆಂಬುದು ಆ ಕಾಲದಲ್ಲೇ ಸ್ಪಷ್ಟವಾಗಿತ್ತು: ಎಳೆದು ಹರಿಯುವ ಗಾಳಿ, ವಿದ್ಯುತ್ತನ್ನು ಸೋರಿಸುವ ತೇವ, ಮೇಲಿಂದ ಎರಗುವ ಸಿಡಿಲು. ಗಾಳಿಗೆಂದು ತಂತಿಗೆ ತಕ್ಕಷ್ಟು ಜೋಲು ಬಿಟ್ಟರು. ತೇವಕ್ಕೆಂದು ಪಿಂಗಾಣಿಯ ಇನ್ಸುಲೇಟರ್ ಇಟ್ಟರು. ಸಿಡಿಲಿಗೆಂದು ನೆಲದೊಳಕ್ಕೆ ದಾರಿ ಮಾಡಿಕೊಟ್ಟರು. ಇಂದಿಗೂ ಮನೆಗೆ ತಂತಿ ಕಟ್ಟುವ ವಿದ್ಯೆಯೆಲ್ಲ ಈ ಮೂರು ಉತ್ತರಗಳ ವಿಸ್ತರಣೆಯೇ.

ಆದರೆ ಟೆಲಿಗ್ರಾಫ್ ತಂತಿ ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಮನೆಯ ಗೋಡೆಯನ್ನು ಮುಟ್ಟಿದ್ದು ದೂರವಾಣಿ. 1882ರಲ್ಲಿ ಓರಿಯೆಂಟಲ್ ಟೆಲಿಫೋನ್ ಕಂಪನಿಯ ವಿನಿಮಯ ಕೇಂದ್ರಗಳು ಕಲ್ಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ತೆರೆದವು. ಆಗ ಮೊದಲ ಬಾರಿಗೆ ಒಂದು ಪ್ರಶ್ನೆ ಎದ್ದಿತು: ನಿಮ್ಮ ಮನೆಗೆ ಹೋಗುವ ತಂತಿ ನಮ್ಮ ಮಾಡಿನ ಮೇಲೆ ಏಕೆ ಹಾದುಹೋಗಬೇಕು?

ಉತ್ತರ ಕೊಟ್ಟದ್ದು 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆ. ಅದರ 10ನೆಯ ಪ್ರಕರಣ, ಯಾವುದೇ ಸ್ಥಿರಾಸ್ತಿಯ ಕೆಳಗೆ, ಮೇಲೆ, ಉದ್ದಕ್ಕೆ ಅಥವಾ ಅಡ್ಡಲಾಗಿ ತಂತಿ ಹಾಕುವ ಅಧಿಕಾರವನ್ನು ಸರ್ಕಾರದ ಟೆಲಿಗ್ರಾಫ್ ಪ್ರಾಧಿಕಾರಕ್ಕೆ ಕೊಟ್ಟಿತು. ವಸಾಹತು ಆಡಳಿತದ ಕಾನೂನು; ದರ್ಪ ಅದರಲ್ಲಿ ಇದ್ದೇ ಇತ್ತು. ಆದರೆ ಅದೇ ಪ್ರಕರಣ ಆ ಅಧಿಕಾರಕ್ಕೆ ಬೇಲಿಯನ್ನೂ ಹಾಕಿತ್ತು. ಪ್ರಾಧಿಕಾರಕ್ಕೆ ಸಿಗುವುದು ಬಳಕೆಯ ಹಕ್ಕು ಮಾತ್ರ, ಬೇರೆ ಯಾವ ಹಕ್ಕೂ ಅಲ್ಲ. ಹಾನಿ ಸಾಧ್ಯವಾದಷ್ಟು ಕಡಿಮೆ ಆಗಬೇಕು. ಆದ ಹಾನಿಗೆ ಪೂರ್ಣ ಪರಿಹಾರ ಸಲ್ಲಬೇಕು. ಮುಂದೆ 17ನೆಯ ಪ್ರಕರಣದಲ್ಲಿ, ತನ್ನ ಆಸ್ತಿಯ ಕೆಲಸಕ್ಕೆ ಅಡ್ಡಿಯಾದ ತಂತಿಯನ್ನು ತೆಗೆಯಿರಿ ಎಂದು ಕೇಳುವ ಹಕ್ಕನ್ನು ಒಡೆಯನಿಗೆ ಕೊಟ್ಟಿತು. ಅಂದರೆ ತಂತಿಗೊಬ್ಬ ಒಡೆಯನಿದ್ದ, ಗೋಡೆಗೊಬ್ಬ ಒಡೆಯನಿದ್ದ. ಇಬ್ಬರ ನಡುವೆ ಬರೆದಿಟ್ಟ ಮಾತಿತ್ತು.

ಅಂಥ ಮಾತು ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಅದೇ ಕಾಲದ ನ್ಯೂಯಾರ್ಕ್ ಕಂಡಿತು. ಅಲ್ಲಿ ಟೆಲಿಗ್ರಾಫ್, ದೂರವಾಣಿ, ಬೀದಿದೀಪಗಳ ಅಧಿಕ ವೋಲ್ಟೇಜಿನ ತಂತಿ ಎಲ್ಲವೂ ಪೈಪೋಟಿಯಲ್ಲಿ ಬೀದಿಗಳ ಮೇಲೆ ಹೆಣೆದುಕೊಂಡಿದ್ದವು. 1888ರ ಮಾರ್ಚಿನ ಹಿಮಬಿರುಗಾಳಿ ಬಹಳಷ್ಟನ್ನು ಕೆಡವಿದರೂ ಉಳಿದವು ಹಾಗೆಯೇ ಇದ್ದವು. 1889ರ ಅಕ್ಟೋಬರ್ 11ರಂದು ಜಾನ್ ಫೀಕ್ಸ್ ಎಂಬ ಲೈನ್‌ಮನ್, ಅಪಾಯವಿಲ್ಲವೆಂದು ನಂಬಿದ್ದ ಟೆಲಿಗ್ರಾಫ್ ತಂತಿಗಳ ನಡುವೆ ಕೆಲಸ ಮಾಡುತ್ತಿದ್ದರು. ಆ ತಂತಿಗಳಲ್ಲಿ ಒಂದು ದೂರದಲ್ಲೆಲ್ಲೋ ದೀಪದ ತಂತಿಗೆ ತಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿನ ಜನಜಂಗುಳಿಯ ಕಣ್ಣೆದುರಿಗೇ ಅವರು ತಂತಿಗಳ ಜಾಲದಲ್ಲಿ ಸಿಲುಕಿ ಸತ್ತರು. ತಂತಿಗಳನ್ನು ನೆಲದೊಳಗೆ ಇಳಿಸುವ ಕೆಲಸ ಅಲ್ಲಿ ಬಿರುಸಾದದ್ದು ಆ ಸಾವಿನ ನಂತರ. ನಮ್ಮ ಸಾರುವೆಯ ಮೇಲಿನ ಕೆಲಸಗಾರನಿಗೆ ತಗುಲಿದ್ದು ಅದೇ ಬಗೆಯ ತಂತಿ: ನಿರುಪದ್ರವಿ ಎಂದು ಎಲ್ಲರೂ ನಂಬಿದ್ದ, ಬೇರೆಲ್ಲಿಂದಲೋ ವಿದ್ಯುತ್ತನ್ನು ಹೊತ್ತು ತಂದ ತಂತಿ.

ನಮ್ಮಲ್ಲಿಯೂ ಇದಕ್ಕೆ ನಿಯಮಗಳಾದವು. 1956ರ ಭಾರತೀಯ ವಿದ್ಯುತ್ ನಿಯಮಗಳ ಪ್ರಕಾರ ಕಡಿಮೆ ಹಾಗೂ ಮಧ್ಯಮ ವೋಲ್ಟೇಜಿನ ಬರಿತಂತಿ ಮನೆಯ ಚಾವಣಿಯ ಮೇಲೆ ಹಾಯುವುದಾದರೆ ಕನಿಷ್ಠ 2.5 ಮೀಟರ್ ಎತ್ತರದಲ್ಲಿರಬೇಕು; ಪಕ್ಕದಲ್ಲಿ ಹಾಯುವುದಾದರೆ 1.2 ಮೀಟರ್ ದೂರವಿರಬೇಕು. ದೂರವಾಣಿ ಇಲಾಖೆಯ ಕೈಯಲ್ಲಿದ್ದ ಕಾಲದಲ್ಲಿ ಮನೆಗೆ ಸಂಪರ್ಕ ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತು. ಆ ಕಾಲವನ್ನು ಹೊಗಳುವ ಮನಸ್ಸು ನಮಗಿಲ್ಲ. ಆದರೂ ಬಂದ ಲೈನ್‌ಮನ್ ಒಂದು ಕ್ರಮದಲ್ಲಿ ಕೆಲಸ ಮಾಡುತ್ತಿದ್ದ. ತಂತಿಗೆ ಗೋಡೆಯಲ್ಲಿ ಅದರದೇ ಕೊಕ್ಕೆ. ವಿದ್ಯುತ್ತಿನ ಕಂಬಿಗೆ ಕಟ್ಟುವಂತಿಲ್ಲ. ಭಾರವನ್ನೆಲ್ಲ ಕೊಕ್ಕೆ ಹೊರಬೇಕು, ಒಳಗಿನ ಜೋಡಣೆ ಹೊರಬಾರದು. ಒಳಹೋಗುವ ಮುನ್ನ ತಂತಿ ಕೆಳಗೆ ಬಾಗಿ ಮತ್ತೆ ಮೇಲೇರಬೇಕು, ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುವಂತೆ. ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಬೇಕು. ಸಿಡಿಲು ತಡೆಯುವ ಸಾಧನಕ್ಕೆ ಅರ್ತಿಂಗ್ ಇರಬೇಕು.

1990ರ ದಶಕದಲ್ಲಿ ಬಂದ ಕೇಬಲ್ ಟಿವಿಗೆ ಈ ಪರಂಪರೆ ಇರಲಿಲ್ಲ. 1991ರ ಕೊಲ್ಲಿ ಯುದ್ಧದ ದೃಶ್ಯಗಳೊಂದಿಗೆ ನಗರಗಳಲ್ಲಿ ಅದು ಹಬ್ಬಿತು. ತಾರಸಿಯಿಂದ ತಾರಸಿಗೆ, ಮರದಿಂದ ಬೀದಿದೀಪದ ಕಂಬಕ್ಕೆ ಹುಡುಗರು ಕೇಬಲ್ ಎಸೆದು ಎಳೆದರು. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆ ನಿರ್ವಾಹಕರು ನೋಂದಾಯಿಸಿಕೊಳ್ಳಬೇಕೆಂದಿತು, ಉಪಕರಣಗಳು ಭಾರತೀಯ ಮಾನಕಕ್ಕೆ ಹೊಂದಬೇಕೆಂದಿತು. ಗೋಡೆಯ ಮೇಲೆ ತಂತಿಯನ್ನು ಹೇಗೆ ಬಿಗಿಯಬೇಕು, ಬೇಡವಾದಾಗ ಯಾರು ಬಿಚ್ಚಬೇಕು ಎಂಬ ಮಾತು ಆ ಕಾಯಿದೆಯಲ್ಲಿರಲಿಲ್ಲ.

ಇಲ್ಲಿ ನಾವು ಬೇರೆಯವರತ್ತ ಮಾತ್ರ ಬೆರಳು ತೋರಿಸುವಂತಿಲ್ಲ. 1994ರಲ್ಲಿ ಉದಯ ಟಿವಿ ಆರಂಭವಾದ ಮೇಲೆ ಹೊರನಾಡಿನ ಕನ್ನಡ ಮನೆಗಳು ಕೇಬಲ್ಲಿನವರನ್ನು ಎಷ್ಟು ಕಾಡಿದವೆಂಬುದು ನಮ್ಮ ಓದುಗರಿಗೆ ನೆನಪಿರಬಹುದು. ಮನೆಯೊಳಗೆ ಕನ್ನಡದ ದನಿ ಕೇಳಿದರೆ ಸಾಕು, ಮಕ್ಕಳ ಕಿವಿಗೆ ನಾಲ್ಕು ಮಾತು ಬಿದ್ದರೆ ಸಾಕು ಎಂಬ ಹಂಬಲ. ತಂತಿ ಯಾವ ದಾರಿಯಲ್ಲಿ ಬಂತೆಂದು ಯಾರೂ ನೋಡಲಿಲ್ಲ. ಡಿಶ್ ಬಂದಾಗ ಹಳೆಯ ಕೇಬಲ್ಲನ್ನು ಒಳಗಿನಿಂದ ಕತ್ತರಿಸಿ, ಹೊರಗಿನದನ್ನು ಹಾಗೆಯೇ ಬಿಟ್ಟೆವು. ನಮ್ಮ ಗೋಡೆಯ ಆ ಹದಿನೈದು ತಂತಿಗಳಲ್ಲಿ ಎರಡು ನಮ್ಮ ಮನೆಯ ಕಿಟಕಿಗೇ ಬಂದು ಮುಗಿದಿದ್ದವು.

ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. 1885ರ ಕಾಯಿದೆಯ ಸ್ಥಾನಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಈಗ ಮನೆಗೆ ಬರುವುದು ಗಾಜಿನ ಎಳೆ. ಅದರಲ್ಲಿ ವಿದ್ಯುತ್ತು ಹರಿಯದು. ಆದರೆ ಆ ಎಳೆಯನ್ನು ಹೊರುವುದಕ್ಕೆ ಹಲವು ಕೇಬಲ್ಲುಗಳಲ್ಲಿ ಉಕ್ಕಿನ ತಂತಿಯೊಂದು ಜೊತೆಗಿರುತ್ತದೆ. ಅದಕ್ಕೆ ವಿದ್ಯುತ್ತು ತಾಗಬಹುದು, ಸಿಡಿಲೂ ತಾಗಬಹುದು. ಹಳೆಯ ಮೂರು ಉತ್ತರಗಳು ಅದಕ್ಕೂ ಬೇಕು.

ಆ ಘಟನೆಯ ನಂತರ ನಾವು ನಿವಾಸಿಗಳು ಸೇರಿ ಅರ್ಜಿ ಬರೆದೆವು, ಎರಡು ಬಾರಿ ನೆನಪೋಲೆ ಕಳುಹಿಸಿದೆವು. ಮಳೆ ಹಿಡಿಯುವ ಮುನ್ನ ಹದಿನೈದು ತಂತಿಗಳೂ ಇಳಿದವು. ಉಳಿದ ನಾಲ್ಕಕ್ಕೆ ಪ್ರತ್ಯೇಕ ಕೊಕ್ಕೆಗಳಾದವು, ಮನೆಯ ಸಂಖ್ಯೆ ಬರೆದ ಚೀಟಿಗಳಾದವು, ತಾರಸಿಯ ಪೆಟ್ಟಿಗೆಗೆ ಅರ್ತಿಂಗ್ ಆಯಿತು. ಬಣ್ಣದ ಕೆಲಸಗಾರ ವಾರದ ನಂತರ ಮತ್ತೆ ಸಾರುವೆ ಏರಿದ. ಮೊದಲು ಕೆಳಗೆ ನಿಂತು, ಈಗ ಮುಟ್ಟಬಹುದೇ ಎಂದು ನಮ್ಮನ್ನು ಕೇಳಿದ. ಆ ಪ್ರಶ್ನೆಗೆ ಹೌದು ಎನ್ನಲು ನಮಗೆ ಇಷ್ಟೆಲ್ಲ ಬೇಕಾಯಿತು. ನಿಮ್ಮ ಕಿಟಕಿಯ ಹೊರಗಿನ ತಂತಿಗಳನ್ನು ಒಮ್ಮೆ ಎಣಿಸಿ ನೋಡಿ. ಯಾರಾದರೂ ಹಾಗೆ ಕೇಳಿದರೆ ಹೇಳುವುದಕ್ಕೆ ಉತ್ತರವಿರಲಿ.