ರೈಲನ್ನು ನಿಲ್ಲಿಸಿದ ಗಾಳಿ



ರೈಲು ಬಂದು ನಿಂತಾಗ ಬೋಗಿಗಳ ಅಡಿಯಿಂದ ಬುಸ್ಸೆಂದು ಗಾಳಿ ಹೊರಬೀಳುವ ಸದ್ದನ್ನು ನೀವು ಕೇಳಿರಬಹುದು. ಅದು ವಾಯು ಬ್ರೇಕಿನ ಸದ್ದು. ಅದರ ಹಿಂದೆ ಒಬ್ಬ ತರುಣನ ಜಾಣ್ಮೆಯಿದೆ. ಅವನನ್ನು ನಂಬಿ ಹಣ ಹಾಕಿದ ಪಾಲುದಾರರ ಧೈರ್ಯವೂ ಇದೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಹೇಳುವವರು ಕಡಿಮೆ.

ಆ ತರುಣ ಜಾರ್ಜ್ ವೆಸ್ಟಿಂಗ್‌ಹೌಸ್. ಹುಟ್ಟಿದ್ದು 1846ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆಯವರು ಸ್ಕೆನೆಕ್ಟಡಿ ಪಟ್ಟಣದಲ್ಲಿ ಕೃಷಿಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದರು. ಹಳಿ ತಪ್ಪಿದ ಬೋಗಿಯನ್ನು ಮತ್ತೆ ಹಳಿಗೇರಿಸಲು ಗಂಟೆಗಟ್ಟಲೆ ಹೆಣಗಾಡುವುದನ್ನು ಕಂಡ ಜಾರ್ಜ್, ಆ ಕೆಲಸಕ್ಕೊಂದು ಸಾಧನ ರೂಪಿಸಿದ. ಹಳಿಗಳು ಒಂದನ್ನೊಂದು ದಾಟುವೆಡೆ ಹಾಕುವ ಭಾಗ ಬೇಗ ಸವೆಯುತ್ತಿತ್ತು. ಒಂದು ಬದಿ ಸವೆದರೆ ಮಗುಚಿ ಬಳಸಬಹುದಾದ ಉಕ್ಕಿನ ಭಾಗವನ್ನೂ ಯೋಚಿಸಿದ. ಇಬ್ಬರು ಸ್ಥಳೀಯರು ಪಾಲುದಾರರಾಗಿ ಬಂಡವಾಳ ಹೂಡಿದರು. ಆದರೆ ಈ ಪಾಲುದಾರಿಕೆ ಬಾಳಲಿಲ್ಲ. ಭಿನ್ನಾಭಿಪ್ರಾಯ ಬೆಳೆಯಿತು, ಜಾರ್ಜ್ 1868ರಲ್ಲಿ ಪಿಟ್ಸ್‌ಬರ್ಗ್ ನಗರಕ್ಕೆ ಹೊರಟ. ಅಲ್ಲಿಯ ಉಕ್ಕಿನ ಸಂಸ್ಥೆಯೊಂದು ಅವನ ಸಾಧನವನ್ನು ತನ್ನ ಖರ್ಚಿನಲ್ಲೇ ತಯಾರಿಸಲು ಒಪ್ಪಿತು. ಊರೂರು ಸುತ್ತಿ ಅದನ್ನು ಮಾರುವ ಹೊಣೆ ಅವನದಾಯಿತು.

ಇಷ್ಟರಲ್ಲಿ ಇನ್ನೊಂದು ಚಿಂತೆ ಅವನ ತಲೆ ಹೊಕ್ಕಿತ್ತು. 1866ರಲ್ಲಿ ಎರಡು ಗೂಡ್ಸ್ ರೈಲುಗಳು ಎದುರುಬದುರಾಗಿ ಢಿಕ್ಕಿ ಹೊಡೆದದ್ದನ್ನು ಆತ ಬಲ್ಲ. ಹಳಿ ನೇರವಾಗಿತ್ತು, ಚಾಲಕರಿಗೆ ಅಪಾಯ ಕಂಡಿತ್ತು. ಆದರೂ ರೈಲು ನಿಲ್ಲಿಸಲಾಗಲಿಲ್ಲ. ಏಕೆ? ಅಂದು ಬ್ರೇಕ್ ಹಾಕುತ್ತಿದ್ದವರು ಬ್ರೇಕ್‌ಮನ್‌ಗಳು. ಚಾಲಕ ಸೀಟಿ ಊದಿದೊಡನೆ ಇವರು ಬೋಗಿಯಿಂದ ಬೋಗಿಗೆ ಓಡಿ ಒಂದೊಂದೇ ಚಕ್ರ ತಿರುಗಿಸಬೇಕು. ಗೂಡ್ಸ್ ರೈಲಿನಲ್ಲಾದರೆ ಓಡಬೇಕಾದದ್ದು ಬೋಗಿಗಳ ಛಾವಣಿಯ ಮೇಲೆ. ಮಳೆ, ಹಿಮ, ಕತ್ತಲೆಯಲ್ಲಿ ಕಾಲು ಜಾರಿದರೆ ಪ್ರಾಣವೇ ಹೋಗುತ್ತಿತ್ತು.

ಆಲ್ಪ್ಸ್ ಪರ್ವತದ ಸುರಂಗವನ್ನು ಒತ್ತಡಕ್ಕೊಳಗಾದ ಗಾಳಿಯಿಂದ ಕೊರೆಯುತ್ತಿರುವ ಸುದ್ದಿಯನ್ನು ಜಾರ್ಜ್ ಪತ್ರಿಕೆಯೊಂದರಲ್ಲಿ ಓದಿದ. ಕೊಳವೆಯಲ್ಲಿ ಅಷ್ಟು ದೂರ ಸಾಗುವ ಗಾಳಿ ರೈಲಿನುದ್ದಕ್ಕೂ ಏಕೆ ಸಾಗಬಾರದು? ಇಂಜಿನ್ನಿನಲ್ಲಿ ಗಾಳಿಯ ಪಂಪು, ಬೋಗಿಗಳ ಅಡಿಯಲ್ಲಿ ಕೊಳವೆ, ಪ್ರತಿ ಬೋಗಿಗೂ ಒಂದು ಸಿಲಿಂಡರ್: ಚಾಲಕನೇ ಎಲ್ಲ ಬ್ರೇಕುಗಳನ್ನೂ ಒಮ್ಮೆಗೇ ಹಾಕಬಹುದು.

ವಿಚಾರ ಸರಳ, ಒಪ್ಪಿಸುವುದು ಕಷ್ಟ. ಆಗ ನೆರವಾದವರು ಪಿಟ್ಸ್‌ಬರ್ಗಿನ ತರುಣ ಉದ್ಯಮಿ ರಾಲ್ಫ್ ಬ್ಯಾಗಲಿ. ಮೊದಲ ಉಪಕರಣದ ತಯಾರಿಕೆಗೆ ಹಣ ಕೊಟ್ಟರು. ಪ್ಯಾನ್‌ಹ್ಯಾಂಡಲ್ ರೈಲ್ವೆಯ ಅಧಿಕಾರಿ ಡಬ್ಲ್ಯು. ಡಬ್ಲ್ಯು. ಕಾರ್ಡ್ ಪ್ರಯೋಗಕ್ಕೊಂದು ರೈಲು ಒದಗಿಸಿದರು. ಖರ್ಚು ಮಾತ್ರ ಸಂಶೋಧಕನದೇ.

ಪ್ರಯೋಗದ ದಿನ ನಡೆದದ್ದನ್ನು ವೆಸ್ಟಿಂಗ್‌ಹೌಸ್‌ನ ಜೀವನಚರಿತ್ರೆಗಳು ಹೀಗೆ ಹೇಳುತ್ತವೆ. ರೈಲು ಸುರಂಗದಿಂದ ಹೊರಬಂದಾಗ ಮುಂದೆ ಹಳಿಯ ಮೇಲೆಯೇ ಒಂದು ಕುದುರೆಗಾಡಿ. ಚಾಲಕ ಡೇನಿಯಲ್ ಟೇಟ್ ತಟ್ಟನೆ ಹಿಡಿ ತಿರುಗಿಸಿದ. ಪ್ರಯಾಣಿಕರು ಆಸನಗಳಿಂದ ಮುಗ್ಗರಿಸಿದರು. ರೈಲು ಗಾಡಿಯವನಿಗೆ ಕೆಲವೇ ಅಡಿ ದೂರದಲ್ಲಿ ನಿಂತಿತು. ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ?

1869ರ ಏಪ್ರಿಲ್ 13ರಂದು ಪೇಟೆಂಟ್ ದೊರೆಯಿತು. ಆಗ ಜಾರ್ಜ್‌ಗೆ 22 ವರ್ಷ. ಅದೇ ವರ್ಷ ಕಂಪನಿ ಸ್ಥಾಪನೆಯಾಯಿತು. ಬ್ಯಾಗಲಿಯವರ ಜೊತೆಗೆ ಪೆನ್ಸಿಲ್ವೇನಿಯಾ ರೈಲ್ವೆಯ ರಾಬರ್ಟ್ ಪಿಟ್‌ಕೇರ್ನ್‌ರಂತಹ ರೈಲ್ವೆ ಅಧಿಕಾರಿಗಳೂ ಅದರಲ್ಲಿ ಸೇರಿದರು. ಕೊಳ್ಳುವ ಸಂಸ್ಥೆಯ ಅಧಿಕಾರಿಯೇ ಮಾರುವ ಕಂಪನಿಯ ಪಾಲುದಾರನಾಗುವುದು ಸರಿಯೇ? ಇಂದು ನಾವು ಖಂಡಿತ ಕೇಳುವ ಪ್ರಶ್ನೆಯಿದು. ಆದರೆ ಹೊಸ ವಸ್ತುವಿಗೆ ರೈಲ್ವೆಗಳ ಬಾಗಿಲು ತೆರೆಯಲು ಇಂಥವರ ಮಾತು ನೆರವಾಯಿತೆಂಬುದರಲ್ಲಿ ಅಚ್ಚರಿಯಿಲ್ಲ.

ಮೊದಲ ಬ್ರೇಕಿನಲ್ಲಿ ಒಂದು ದೋಷವಿತ್ತು: ಕೊಳವೆ ಕಿತ್ತರೆ ಬ್ರೇಕೇ ಇಲ್ಲ. 1872ರಲ್ಲಿ ಇದನ್ನು ತಿರುವುಮುರುವು ಮಾಡಲಾಯಿತು. ಪ್ರತಿ ಬೋಗಿಯಲ್ಲೂ ಗಾಳಿಯ ಸಂಗ್ರಹವಿಟ್ಟು, ಕೊಳವೆಯ ಒತ್ತಡ ಇಳಿದೊಡನೆ ಬ್ರೇಕ್ ತಾನಾಗಿ ಬೀಳುವಂತೆ ಮಾಡಿದರು. ಕೊಳವೆ ಕಿತ್ತರೂ ರೈಲು ನಿಲ್ಲುತ್ತದೆ! ಉದ್ದನೆಯ ಗೂಡ್ಸ್ ರೈಲುಗಳಿಗೆ ಇದೂ ಸಾಲದೆಂದು 1886ರಲ್ಲಿ ಬರ್ಲಿಂಗ್ಟನ್ನಿನಲ್ಲಿ 50 ಬೋಗಿಗಳ ಪರೀಕ್ಷೆ ತೋರಿಸಿತು. 1887ರಲ್ಲಿ ಮತ್ತಷ್ಟು ಚುರುಕಾದ ಕವಾಟ ಬಂತು.

ಆದರೂ ಗೂಡ್ಸ್ ರೈಲುಗಳ ಮಾಲೀಕರು ಖರ್ಚಿಗೆ ಹಿಂಜರಿದರು. ಬ್ರೇಕ್‌ಮನ್‌ಗಳು ಛಾವಣಿಗಳ ಮೇಲೆ ಓಡುತ್ತಲೇ ಇದ್ದರು, ಬೀಳುತ್ತಲೇ ಇದ್ದರು. ಕಡೆಗೆ 1893ರಲ್ಲಿ ಅಮೆರಿಕದ ಸಂಸತ್ತು ಸುರಕ್ಷತಾ ಕಾಯಿದೆ ತಂದು ಇಂಥ ಬ್ರೇಕುಗಳನ್ನು ಕಡ್ಡಾಯಗೊಳಿಸಿತು. ಪೇಟೆಂಟ್ ದೊರೆತು ಆಗಲೇ 24 ವರ್ಷ ಕಳೆದಿತ್ತು.

ಸಂಶೋಧಕನ ಬುದ್ಧಿ ವಸ್ತುವನ್ನು ಹುಟ್ಟಿಸಿತು, ಪಾಲುದಾರರ ಹಣ ಅದನ್ನು ಮಾರುಕಟ್ಟೆಗೆ ತಂದಿತು. ಛಾವಣಿಯ ಮೇಲಿನ ಬಡ ಕಾರ್ಮಿಕನವರೆಗೆ ಅದನ್ನು ಮುಟ್ಟಿಸಲು ಕಾನೂನೇ ಬರಬೇಕಾಯಿತು. ಮುಂದಿನ ಸಲ ರೈಲು ನಿಂತಾಗ ಆ ಬುಸ್ಸೆಂಬ ಸದ್ದಿಗೆ ಕಿವಿಗೊಡಿ. ಬ್ರೇಕ್‌ಮನ್‌ಗಳನ್ನೂ ಒಮ್ಮೆ ನೆನೆಯಿರಿ.