ಹದಿಹರೆಯದವರ ಕೈಗೆ ಯಾವ ಪುಸ್ತಕ?

ಕನ್ನಡದಲ್ಲಿ ಶಿಶುಪ್ರಾಸಗಳಿವೆ, ಮಕ್ಕಳ ಕತೆಗಳಿವೆ, ದೊಡ್ಡವರ ಕಾದಂಬರಿಗಳಂತೂ ಬೇಕಾದಷ್ಟಿವೆ. ನಡುವೆ ಹನ್ನೆರಡರಿಂದ ಹದಿನೇಳರವರೆಗಿನ ಹುಡುಗ ಹುಡುಗಿಯರಿಗೆಂದೇ ಬರೆದದ್ದು ಎಲ್ಲಿದೆ? ‘ಕಿಶೋರ ಸಾಹಿತ್ಯ’ ಎಂಬ ಮಾತೇನೋ ಇದೆ. ಅದು ಸಮಾರಂಭದ ಆಹ್ವಾನ ಪತ್ರಿಕೆಯಲ್ಲಿ ಕಾಣುವಷ್ಟು ಅಂಗಡಿಯ ಕಪಾಟಿನಲ್ಲಿ ಕಾಣುವುದಿಲ್ಲ. ನಿಮ್ಮೂರಿನ ಪುಸ್ತಕದಂಗಡಿಗೆ ಹೋಗಿ, ‘ಹದಿನಾಲ್ಕು ವರ್ಷದ ಹುಡುಗಿಗೆ ಓದಲು ಒಂದು ಕಾದಂಬರಿ ಕೊಡಿ’ ಎಂದು ಕೇಳಿ ನೋಡಿ. ಒಂದೋ ಬಣ್ಣದ ಚಿತ್ರಗಳ ಪಂಚತಂತ್ರ ಬರುತ್ತದೆ, ಇಲ್ಲವೇ ಎಸ್ಸೆಸ್ಸೆಲ್ಸಿ ಗೈಡು.

ಇದಕ್ಕೆ ನಮ್ಮ ಲೇಖಕರನ್ನು ಮಾತ್ರ ದೂರಿ ಫಲವಿಲ್ಲ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಆ ವಯಸ್ಸೇ ಇರಲಿಲ್ಲ. ಲಂಗದಿಂದ ನೇರ ಸೀರೆಗೆ, ತವರಿನಿಂದ ನೇರ ಅತ್ತೆಮನೆಯ ಒಲೆಯ ಮುಂದಕ್ಕೆ. ಚಿಕ್ಕಮಗಳೂರು ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. 1894ರಲ್ಲಿ ಸಂಸ್ಥಾನ ಒಂದು ಕಾಯಿದೆ ತಂದಿತು: ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು! ಹದಿನೆಂಟಲ್ಲ, ಎಂಟು. ಅಂದಿನ ದೃಷ್ಟಿಯಲ್ಲಿ ಅದೇ ದೊಡ್ಡ ಸುಧಾರಣೆ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಯರಿಗೆ ಹದಿನಾಲ್ಕು ಎಂದಿತು. 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಹದಿಹರೆಯ ಎನ್ನುವ ಈ ಐದಾರು ವರ್ಷಗಳು ಹೆಣ್ಣುಮಕ್ಕಳಿಗೆ ಪ್ರಕೃತಿ ಕೊಟ್ಟದ್ದಕ್ಕಿಂತ ಕಾಯಿದೆ ಮತ್ತು ಹೈಸ್ಕೂಲು ಸೇರಿ ಕೊಟ್ಟದ್ದು ಹೆಚ್ಚು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಾಗೆ ನೋಡಿದರೆ ಕನ್ನಡದ ಮೊದಮೊದಲ ಕಾದಂಬರಿಗಳನ್ನು ಬೇರೆ ಕಣ್ಣಿನಿಂದ ಓದಬೇಕಾಗುತ್ತದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಓದುಬರಹ ಕಲಿತು ಮರುಮದುವೆಯಾಗುವ ಬಾಲವಿಧವೆಯ ಕತೆ. ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ಯನ್ನು ಹೊರತಂದರು. 1917ರಲ್ಲಿ ‘ಕರ್ಣಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ತೆಗೆದರು. ನಮ್ಮ ಸಾಹಿತ್ಯ ಚರಿತ್ರೆಕಾರರು ಇವನ್ನು ‘ಗೃಹಿಣಿಯರಿಗಾಗಿ ಬರೆದ ನೀತಿಯ ಕತೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಗೃಹಿಣಿಯ ವಯಸ್ಸೆಷ್ಟು? ಹದಿಮೂರು, ಹದಿನಾಲ್ಕು, ಹೆಚ್ಚೆಂದರೆ ಹದಿನಾರು. ನನ್ನ ಎಂಟನೇ ತರಗತಿಯ ಮುಂದಿನ ಬೆಂಚಿನಲ್ಲಿ ಎರಡು ಜಡೆ ಹಾಕಿ ಕೂರುವ ಹುಡುಗಿಯರ ವಯಸ್ಸು. ಕನ್ನಡದ ಮೊದಲ ಹದಿಹರೆಯದ ಸಾಹಿತ್ಯ ಇದೇ ಎಂದು ನಾನು ಹೇಳಿದರೆ ವಿದ್ವಾಂಸರು ಒಪ್ಪಲಾರರು. ಒಪ್ಪದಿದ್ದರೆ ಬೇಡ.

ಹುಡುಗರ ಕಡೆಯವರು ಬೇರೆ ದಾರಿ ಹಿಡಿದರು. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಮುಂದೆ ಎಪ್ಪತ್ತರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂತು. ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ‘ಭಾರತ ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು 510. ಒಂದು ರೈಲು ಪ್ರಯಾಣಕ್ಕೆ ಒಂದು ಮಹಾಪುರುಷ ಮುಗಿಯುವಷ್ಟು ಚಿಕ್ಕವು. ಇವೆಲ್ಲ ತಿಳಿವಳಿಕೆಗೆ ಒಳ್ಳೆಯವೇ. ಆದರೆ ಹದಿನೈದರ ಮನಸ್ಸು ತಿಳಿವಳಿಕೆಯೊಂದಕ್ಕೇ ಹಸಿದಿರುವುದಿಲ್ಲವಲ್ಲ! ಆ ಹಸಿವನ್ನು ತೀರಿಸಿದವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಎಂ. ರಾಮಮೂರ್ತಿಗಳು, ಟಿ.ಕೆ. ರಾಮರಾಯರು. ಇಂದು ರಾಜ್ಯೋತ್ಸವದಲ್ಲಿ ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ರಾಮಮೂರ್ತಿಗಳೇ ಪತ್ತೇದಾರಿ ಕಾದಂಬರಿ ಬರೆದವರು ಎಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಈ ಪುಸ್ತಕಗಳನ್ನು ಹೀಗಳೆಯುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಒತ್ತಕ್ಷರಕ್ಕೆ ಹೆದರುತ್ತಿದ್ದ ಎಷ್ಟು ಜನರನ್ನು ಅವು ನೂರನೇ ಪುಟದವರೆಗೆ ಕೈಹಿಡಿದು ನಡೆಸಿದವೋ ಲೆಕ್ಕವಿಟ್ಟವರಿಲ್ಲ.

ನಮ್ಮ ಕಾಲದ ಹುಡುಗಿಯರಿಗೆ ತ್ರಿವೇಣಿ, ಎಂ.ಕೆ. ಇಂದಿರಾ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತ್ರಿವೇಣಿ ತೀರಿಕೊಂಡರು. ಅದೇ ವರ್ಷ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು. ಇಂದಿರಾ ಹುಟ್ಟಿದ್ದು ತೀರ್ಥಹಳ್ಳಿಯಲ್ಲಾದರೂ ಅವರ ಊರು ನಮ್ಮ ಜಿಲ್ಲೆಯ ನರಸಿಂಹರಾಜಪುರ. ಓದಿದ್ದು ಏಳು ವರ್ಷ, ಮದುವೆಯಾದದ್ದು ಹನ್ನೆರಡಕ್ಕೆ, ಕಾದಂಬರಿ ಪ್ರಕಟವಾಗುವಾಗ ವಯಸ್ಸು ನಲವತ್ತು ದಾಟಿತ್ತು.

ಇವೆಲ್ಲ ನಮ್ಮ ಕೈಗೆ ಸಿಗುತ್ತಿದ್ದುದಾದರೂ ಹೇಗೆ ಎನ್ನುತ್ತೀರಿ? 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಸರ್ಕಾರಿ ಲೈಬ್ರರಿಗಳು ಬಂದವು. ಪೇಟೆಯಲ್ಲಿ ದಿನಬಾಡಿಗೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ತೋಟದ ಮನೆಗಳಿಗೆ ಎರಡೂ ದೂರ. ಆಗ ಮೂಡಿಗೆರೆ ತಾಲ್ಲೂಕಿಗೇ ಸೇರಿದ್ದ ಕಳಸದ ಕಡೆಯಿಂದ ಬರುವ ಬಸ್ಸಿನಲ್ಲಿ ವಾರಪತ್ರಿಕೆ ಒಂದು ತೋಟಕ್ಕೆ ಬಂದರೆ ಅದು ಮೂರು ತೋಟ ಸುತ್ತಿ, ಧಾರಾವಾಹಿಯ ಪುಟಗಳು ಕತ್ತರಿಸಿ ಹೊಲಿಗೆಯಾಗಿ, ಕಡೆಗೆ ಒಂದು ಬೈಂಡಾದ ಕಾದಂಬರಿಯಾಗಿ ನಮ್ಮ ಮನೆಗೆ ಬರುತ್ತಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ಕಂಬಳಿ ಹೊದ್ದು ಓದುವುದೇ ಕೆಲಸ. ಕರೆಂಟು ಇರುವುದಿಲ್ಲವೆಂದು ಹಗಲೇ ಓದಿ ಮುಗಿಸಬೇಕಿತ್ತು.

ಆಮೇಲೆ ಬಂತು ‘ಕರ್ವಾಲೋ’. 1980ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಪೂರ್ಣಚಂದ್ರ ತೇಜಸ್ವಿಯವರು ಮಕ್ಕಳಿಗೆಂದು ಬರೆಯಲಿಲ್ಲ. ಆದರೆ ಕನ್ನಡದ ಹದಿಹರೆಯದವರು ಅದನ್ನು ತಮ್ಮದು ಮಾಡಿಕೊಂಡರು. ಹಾರುವ ಓತಿಯೊಂದನ್ನು ಹುಡುಕಿ ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಜೇನು ಕೀಳುವ ಮಂದಣ್ಣ, ಒಂದು ನಾಯಿ ಕಾಡಿಗೆ ಹೋಗುವ ಕತೆ. ಪೇಟೆಯಲ್ಲಿ ಕೆಲಸಕ್ಕೆ ಬಾರದವನೆನಿಸಿಕೊಂಡ ಮಂದಣ್ಣ ಕಾಡಿನಲ್ಲಿ ವಿಜ್ಞಾನಿಗೇ ಬೇಕಾದವನು. ಮಾರ್ಕ್ಸ್ ಕಾರ್ಡಿನಲ್ಲಿ ಕೆಂಪು ಗೆರೆ ಕಂಡ ಹುಡುಗರಿಗೆ ಇದಕ್ಕಿಂತ ಬೇರೆ ಏನು ಬೇಕು! ಅದಕ್ಕೂ ಹೆಚ್ಚಾಗಿ, ಪುಸ್ತಕದಲ್ಲಿ ಓದಿದ ಜಾಗ ಬಸ್ಸಿನ ಕಿಟಕಿಯಲ್ಲಿ ಕಾಣಬಹುದು ಎಂಬುದು ನಮಗೆ ಮೊದಲ ಸಲ ಗೊತ್ತಾಯಿತು. ಬರೆದವರು ಮೂಡಿಗೆರೆಯ ಪೇಟೆಯಲ್ಲಿ ಸ್ಕೂಟರು ನಿಲ್ಲಿಸಿ ಸಾಮಾನು ಕೊಳ್ಳುವ ಮನುಷ್ಯ ಎಂಬುದಂತೂ ಇನ್ನೂ ಆಶ್ಚರ್ಯ. 2007ರ ಏಪ್ರಿಲ್ 5ರಂದು ಅವರು ಇದೇ ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡರು.

ಮೂವತ್ತು ವರ್ಷ ಈ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡುತ್ತ ಬಂದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ವಯಸ್ಸು ನೋಡಿ ಕೊಡಬೇಕು ನಿಜ. ಆದರೆ ಆ ವಯಸ್ಸನ್ನು ಹಾಜರಿ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ‘ಕರ್ವಾಲೋ’ದ ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಹದಿಮೂರರವರು ಸಿಟ್ಟಿನಿಂದ ಬರುತ್ತಾರೆ: ‘ಇಷ್ಟು ಓದಿಸಿ ಕಡೆಗೂ ಸಿಗಲೇ ಇಲ್ವಲ್ಲ ಟೀಚರ್!’ ಹದಿನಾರರವರು ಏನೂ ಹೇಳದೆ ಪುಸ್ತಕ ಮೇಜಿನ ಮೇಲಿಟ್ಟು ಹೋಗುತ್ತಾರೆ, ವಾರ ಬಿಟ್ಟು ‘ಅವರದ್ದೇ ಇನ್ನೊಂದು ಇದ್ಯಾ?’ ಎನ್ನುತ್ತಾರೆ. ಸಿಟ್ಟು ಬಂದವರಿಗೆ ನಾನು ‘ಕಾಡಿನ ಕತೆಗಳು’ ಕೊಡುತ್ತೇನೆ. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು, ಅಲ್ಲಿ ಬೆಳ್ಳಂದೂರಿನ ನರಭಕ್ಷಕ ಕಡೆಗೆ ಸಿಕ್ಕೇ ಸಿಗುತ್ತದೆ. ಅದು ಮುಗಿದ ಮೇಲೆ ‘ಪರಿಸರದ ಕತೆ’ (1991). ಮಾತಾಡದೆ ಹೋದವರಿಗೆ ‘ಜುಗಾರಿ ಕ್ರಾಸ್’ (1994): ಏಲಕ್ಕಿ ಮಾರಿ ಮನೆಗೆ ಹೊರಟ ಗಂಡ ಹೆಂಡತಿ ಒಂದು ದಿನದೊಳಗೆ ಸಿಕ್ಕಿಬೀಳುವ ಕಾಡುಗಳ್ಳರ ಜಾಲ. ‘ಚಿದಂಬರ ರಹಸ್ಯ’ವನ್ನು ಪಿಯುಸಿಗೆ ಮೊದಲು ಕೊಡುವುದಿಲ್ಲ. ಅಲ್ಲಿ ಊರು ಒಡೆಯುವ ಬಗೆಯನ್ನು ತಿಳಿಯಲು ಒಂದೆರಡು ಚುನಾವಣೆಯನ್ನಾದರೂ ನೋಡಿರಬೇಕು.

ಇನ್ನೊಂದು ತೊಡಕು ಪೇಟೆಯವರಿಗೆ ಗೊತ್ತಾಗುವುದಿಲ್ಲ. ಲೈನ್‌ಮನೆಗಳಿಂದ ಬರುವ ಮಕ್ಕಳ ಮನೆಮಾತು ತಮಿಳು, ತುಳು, ಬ್ಯಾರಿ, ಈಚೆಗೆ ಅಸ್ಸಾಮಿ ಕೂಡ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಣ್ಣು ಕುಯ್ಲು. ತಮ್ಮನನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಶಾಲೆ ತಪ್ಪಿಸುತ್ತಾಳೆ. ಹದಿನೈದು ವರ್ಷದವಳ ಓದು ನಾಲ್ಕನೇ ತರಗತಿಯದಾಗಿರುತ್ತದೆ, ಬುದ್ಧಿ ಮಾತ್ರ ಇಪ್ಪತ್ತೈದರದು. ಅವಳ ಕೈಗೆ ಮೊಲ, ಆಮೆ ಕತೆ ಕೊಟ್ಟರೆ ಅವಮಾನ, ದಪ್ಪ ಕಾದಂಬರಿ ಕೊಟ್ಟರೆ ಶಿಕ್ಷೆ. ಇಂಥವರಿಗೆ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯನ್ನು ‘ನಿನ್ನ ತಮ್ಮನಿಗೆ ಓದಿ ಹೇಳು’ ಎಂದು ಕೊಡುತ್ತೇನೆ. ಓದುವವಳು ಅಕ್ಕ, ಮರ್ಯಾದೆಯೂ ಉಳಿಯಿತು. ಮತ್ತೊಂದು ಕಡೆ ಇಂಗ್ಲಿಷ್ ಮೀಡಿಯಂಗೆ ಹೋಗುವ ಪ್ಲಾಂಟರ ಮಕ್ಕಳು. ಐನೂರು ಪುಟದ ಇಂಗ್ಲಿಷ್ ಕಾದಂಬರಿ ಎರಡು ದಿನಕ್ಕೆ ಮುಗಿಸುವವರು ‘ಕರ್ವಾಲೋ’ದ ಒಂದು ಪುಟಕ್ಕೆ ಅರ್ಧ ಗಂಟೆ ತಡಕಾಡುತ್ತಾರೆ. ಅಮೆರಿಕದಲ್ಲಿ ಈ ವಯಸ್ಸಿನವರಿಗೆಂದೇ ಪುಸ್ತಕಗಳ ದೊಡ್ಡ ವ್ಯಾಪಾರವಿದೆ. ಅದಕ್ಕೆ ದಾರಿ ಮಾಡಿದ ‘ದಿ ಔಟ್‌ಸೈಡರ್ಸ್’ ಎಂಬ ಕಾದಂಬರಿಯನ್ನು ಎಸ್.ಇ. ಹಿಂಟನ್ ಎಂಬಾಕೆ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಬರೆದಳಂತೆ. ಅದು ಪ್ರಕಟವಾದ 1967ರಲ್ಲೇ ನಮ್ಮಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂದದ್ದು. ಮದುಮಕ್ಕಳ ವಯಸ್ಸು ಎಷ್ಟೆಂದು ಅಲ್ಲಿಯೂ ಕೇಳಿಕೊಳ್ಳಬಹುದು.

ಒಬ್ಬಳು ಒಂಬತ್ತನೇ ತರಗತಿಯ ಹುಡುಗಿ ‘ಕರ್ವಾಲೋ’ ಹಿಂದಿರುಗಿಸುತ್ತ, ‘ಈ ಕಾಡಿಗೆ ಹುಡುಗಿಯರು ಯಾರೂ ಹೋಗೋದೇ ಇಲ್ವಾ ಟೀಚರ್?’ ಎಂದಳು. ನ್ಯಾಯವಾದ ಪ್ರಶ್ನೆ. ‘ಕಿರಗೂರಿನ ಗಯ್ಯಾಳಿಗಳು’ ಕೊಟ್ಟೆ, ಬಿದ್ದು ಬಿದ್ದು ನಕ್ಕಳು. ಮುಂದಿನ ವಾರ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕೊಟ್ಟೆ. ಅದರಲ್ಲಿ ಬಾಲವಿಧವೆಯೊಬ್ಬಳ ಇಡೀ ಬಾಳಿದೆ, ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ಎಳೆಯ ವಿಧವೆಯಿದ್ದಾಳೆ, ಹೆರಿಗೆಯ ಪ್ರಸಂಗವಿದೆ. ನಾಲ್ಕನೇ ದಿನ ಅವಳ ತಾಯಿ ಬಂದರು.

‘ಏನ್ ಟೀಚ್ರೆ, ಬೆಳೆಯೋ ಹುಡುಗಿ ಕೈಗೆ ಇಂಥದ್ದನ್ನೆಲ್ಲ ಕೊಡೋದಾ?’

‘ನೀವು ಓದಿದ್ರಾ?’

‘ಎಲ್ಲಿ ಟೀಚ್ರೆ, ಅವ್ಳು ಅಜ್ಜಿಗೆ ಓದಿ ಹೇಳ್ತಿದ್ಲು. ಅಜ್ಜಿ ಅಳೋದಕ್ಕೆ ಶುರು ಮಾಡಿದ್ರು.’

‘ನಿಮಗೆ ಮದುವೆ ಆದಾಗ ಎಷ್ಟು ವಯಸ್ಸು?’

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹದಿನಾರು ನಡೀತಿತ್ತು. ಇವ್ಳಿಗೂ ಒಂದು ಕಡೆಯಿಂದ ಕೇಳ್ತಿದ್ದಾರೆ’ ಎಂದರು. ನಾನು ಕಾಯಿದೆಯ ಮಾತನ್ನು ಆಡಿದೆ, ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದೆ, ಪಿಯುಸಿಗೆ ಹಾಸ್ಟೆಲ್ ಸಿಗುತ್ತದೆ ಎಂದೆ. ಪುಸ್ತಕವನ್ನು ವಾಪಸು ಪಡೆಯಲಿಲ್ಲ. ‘ಅಜ್ಜಿ ಮುಗಿಸಲಿ’ ಎಂದೆ. ಒಂದು ತಿಂಗಳ ನಂತರ ‘ಫಣಿಯಮ್ಮ’ ಮರಳಿ ಬಂತು, ರಟ್ಟಿನ ಮೇಲೆ ಎಣ್ಣೆಯ ಕೈಗುರುತು. ಆ ವರ್ಷ ಮದುವೆ ಆಗಲಿಲ್ಲ, ಹುಡುಗಿ ಪಿಯುಸಿಗೆ ಹೋದಳು. ಒಂದು ಪುಸ್ತಕದಿಂದ ಇದಾಯಿತೆಂದು ಹೇಳುವಷ್ಟು ಮುಗ್ಧಳಲ್ಲ ನಾನು. ಆ ವರ್ಷ ಕಾಫಿಗೆ ಬೆಲೆ ಬಿದ್ದಿತ್ತು, ಮದುವೆಗೆ ದುಡ್ಡೂ ಇದ್ದಿರಲಿಕ್ಕಿಲ್ಲ.

2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ ತೋಟಗಳು ಕೊಚ್ಚಿಹೋದವು. ಅದಾದ ಮೇಲೆ ಮಳೆ ಜೋರಾದರೆ ಮಕ್ಕಳು ಪಾಠ ಬಿಟ್ಟು ಕಿಟಕಿಯ ಕಡೆ ನೋಡುತ್ತಾರೆ. ಹತ್ತನೇ ತರಗತಿಯವರಿಗೆ ನಾ. ಡಿಸೋಜ ಅವರ ‘ದ್ವೀಪ’ವನ್ನು ನಾನೇ ದಿನಕ್ಕೆ ಹತ್ತು ಪುಟದಂತೆ ಓದಿ ಹೇಳಿದೆ. ಶರಾವತಿಯ ಹಿನ್ನೀರು ಸುತ್ತ ಏರುತ್ತಿದ್ದರೂ ಗುಡ್ಡ ಬಿಟ್ಟು ಹೋಗದ ಕುಟುಂಬದ ಕತೆ ಅದು. ಮಕ್ಕಳಿಗೆ ಭಯವಾದೀತು ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಭಯ ಇತ್ತು, ಆದರೆ ಅದು ಮೊದಲೇ ಇದ್ದ ಭಯ. ಎಲ್ಲರೂ ನಾಗವೇಣಿಯ ಬಗ್ಗೆ ಜಗಳವಾಡುವಷ್ಟು ಮಾತಾಡಿದರು. ಹುಡುಗರಿಗೂ ಹುಡುಗಿಯರಿಗೂ ಒಂದು ಮಾತಿನಲ್ಲೂ ಹೊಂದಿಕೆಯಾಗಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡದಲ್ಲಿ ಅದು ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಕತೆಗೆ ಬಂತು, ಮರುವರ್ಷ ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕಕ್ಕೆ. ಸಾಗರದಲ್ಲಿದ್ದುಕೊಂಡು ಬರೆದ ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಈಗ ನನ್ನ ಬೀರುವಿನಲ್ಲಿ ನೂರಾಹತ್ತು ಪುಸ್ತಕಗಳಿವೆ. ಮಳೆಗಾಲದಲ್ಲಿ ಬೂಸಲು ಹಿಡಿಯದಂತೆ ಬೇವಿನ ಸೊಪ್ಪು ಇಟ್ಟಿದ್ದೇನೆ. ಯಾರು ಯಾವುದನ್ನು ಒಯ್ದರೆಂದು ಬರೆಯುವ ನೋಟ್‌ಬುಕ್ ಮಕ್ಕಳ ವಶದಲ್ಲೇ ಇದೆ. ಈ ಸಲ ‘ಕರ್ವಾಲೋ’ಗೆ ಎಂಟು ಜನ ಕಾಯುತ್ತಿದ್ದಾರೆ, ಇರುವ ಪ್ರತಿ ಎರಡು. ಒಂದರಲ್ಲಿ ಕೊನೆಯ ನಾಲ್ಕು ಹಾಳೆ ಹರಿದುಹೋಗಿತ್ತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಇನ್ನೊಂದು ಪ್ರತಿ ನೋಡಿ ಅದನ್ನು ನೀಲಿ ಶಾಯಿಯಲ್ಲಿ ದುಂಡಗೆ ಬರೆದು ಅಂಟಿಸಿದ್ದಾಳೆ. ಮಕ್ಕಳೆಲ್ಲ ಆ ಪ್ರತಿಯೇ ಬೇಕೆನ್ನುತ್ತಾರೆ.